ಟ್ರೈನಿನ ಬೆಂಚಿಗೆ ನಾಲ್ಕು ಗೇಣು

ಇಪ್ಪತ್ನಾಲ್ಕು ಬೆಂಚಿಗೆ ಇಪ್ಪತ್ನಾಲ್ಕು ರೆಕ್ಸಿನ್ ಕವರು. ಒಂದೂ ಕೂರಲಿಲ್ಲ.

ಗುರುಶಾಂತಮ್ಮ ಕೊನೆಯ ಕವರನ್ನು ಎರಡೂ ಕಡೆ ಹಿಡಿದು ಎಳೆದು ನೋಡಿದಳು. ಹಲಗೆಯ ತುದಿ ಹೊರಗೇ ಉಳಿಯಿತು. ಬ್ಲೌಸು ಹೊಲಿದು ಹುಣಸೂರಿನಲ್ಲೆಲ್ಲ ಹೆಸರು ಮಾಡಿದವಳ ಮರ್ಯಾದೆ ಒಂದು ಬೆಂಚಿನ ಮುಂದೆ ಹೋಯಿತು.

ಅದು ಅರವತ್ತೊಂಬತ್ತನೇ ಇಸವಿ. ಕಾಡಿನಿಂದ ಡಿಪೋಗೆ ದಿಮ್ಮಿ ಎಳೆಯುತ್ತಿದ್ದ ಪುಟ್ಟ ಉಗಿ ಎಂಜಿನ್ನು ಲಾರಿಗಳು ಬಂದ ಮೇಲೆ ಮೂಲೆ ಸೇರಿತ್ತು. ಮೈಸೂರಿನಲ್ಲಿ ಮಕ್ಕಳಿಗೆಂದು ದೊಡ್ಡ ಪಾರ್ಕು ಮಾಡುತ್ತಿದ್ದವರು ಅದನ್ನು ಕೊಂಡರು. ದಿಮ್ಮಿಯ ಟ್ರಾಲಿಗಳಿಗೆ ಬೆಂಚು, ಚಾವಣಿ ಕೂರಿಸಿ ಡಬ್ಬಿ ಮಾಡುವ ಕೆಲಸ ಫಿಟ್ಟರ್ ನೀಲಕಂಠಸ್ವಾಮಿಯದು. ಸೋಮವಾರ ಎಲ್ಲವೂ ಲಾರಿ ಹತ್ತಿ ಮೈಸೂರಿಗೆ ಹೊರಡಬೇಕು. ಟ್ರೈನು ಓಡಿಸಲು ಅವನೂ ಜೊತೆಗೇ ಹೋಗುವವನು. ಆರು ತಿಂಗಳಿಂದ ಅಳತೆ ಹೇಳುವ ನೆಪದಲ್ಲಿ ಅವಳ ಅಂಗಡಿಗೆ ಬರುತ್ತಿದ್ದ. ಅಳತೆ ಬಿಟ್ಟು ಬೇರೇನೂ ಹೇಳಿರಲಿಲ್ಲ. ಅವಳ ಸಂಕಟ ಅದೇ.

"ನಾಲ್ಕು ಗೇಣು ಅಂದ್ರಲ್ರೀ?" ಎಂದಳು, ಬೆಂಚಿನ ಆಚೆ ನಿಂತಿದ್ದ ಅವನಿಗೆ.

"ನಾಲ್ಕೇ ಕಣ್ರೀ. ನೋಡಿ."

ಹೆಬ್ಬೆರಳಿಂದ ಕಿರುಬೆರಳಿಗೆ ಕೈ ಚಾಚಿ ಹಲಗೆ ಅಳೆದ. ಸರಿಯಾಗಿ ನಾಲ್ಕು. ಅವಳೂ ಅಳೆದಳು. ನಾಲ್ಕಾದ ಮೇಲೂ ಹಲಗೆ ಉಳಿಯಿತು.

ದಿಮ್ಮಿಗಳನ್ನು ಕೈಯಲ್ಲೇ ಅಳೆದು ಅವನಿಗೆ ಅಭ್ಯಾಸ. ಅವನ ಮಾತು ಕೇಳಿ ತನ್ನ ಗೇಣಿನಲ್ಲಿ ಅಳೆದು ಕತ್ತರಿ ಹಾಕಿದ್ದು ಇವಳು. ಟೇಪು ಕುತ್ತಿಗೆಯಲ್ಲೇ ಇತ್ತು. ಆದರೆ ಆವತ್ತು ಅವನು ಎದುರಿಗೇ ಕೂತಿದ್ದ, ಅವಳ ಬುದ್ಧಿ ನೆಟ್ಟಗಿರಲಿಲ್ಲ.

"ಎಲ್ಲಿ, ಕೈ ತೋರ್ಸಿ."

ಅಂಗೈಗೆ ಅಂಗೈ ಹಚ್ಚಿದ. ಅವನ ಬೆರಳುಗಳು ಒಂದು ಗೆಣ್ಣಿನಷ್ಟು ಮೇಲಿದ್ದವು. ಅಳೆದಾಯಿತು. ಕೈ ಮಾತ್ರ ಇಬ್ಬರೂ ತೆಗೆಯಲಿಲ್ಲ.

"ಪಟ್ಟಿ ಸೇರ್ಸಿ ಹೊಲಿಯಾಕೆ ಎಷ್ಟು ದಿನ ಬೇಕು?"

ಎರಡು ದಿನ ಸಾಕಿತ್ತು. "ಹತ್ತು," ಎಂದಳು ನೆಲ ನೋಡುತ್ತಾ.

"ಹದಿನೈದು ತಗಳಿ ಬುಡಿ."

ತಟ್ಟನೆ ತಲೆ ಎತ್ತಿದಳು. ಅವನು ನಗುತ್ತಿರಲಿಲ್ಲ. ಕಿವಿ ಕೆಂಪಾಗಿತ್ತು.

"ಪಾರ್ಕಿನೋರು ಸುಮ್ಕಿರ್ತಾರಾ?"

"ಅಳತೆ ತಪ್ಪಿದ್ದು ನಾನೇ ಅಂತೀನಿ. ಅಷ್ಟರಲ್ಲಿ ನಮ್ಮವ್ವ ನಿಮ್ಮನೆಗೆ ಬಂದು ನಿಮ್ಮಪ್ಪಾರ ಕೂಟೆ ಮಾತಾಡ್ಬೇಕಲ್ಲ?"

ಅವಳಿಗೆ ಸಂತೋಷಕ್ಕೆ ಅಳು ಬಂತು. ಕೈಯಲ್ಲಿದ್ದ ಕವರನ್ನು ಮಡಿಸತೊಡಗಿದಳು.

"ಮೈಸೂರಲ್ಲಿ ಮನೆ ಕೊಡ್ತಾರೆ," ಎಂದ ಮೆಲ್ಲಗೆ. "ಚಿಕ್ಕದು ಕಣ್ರೀ. ಅಡುಗೆಮನೆ ಹನ್ನೆರಡೇ ಗೇಣು."

"ಯಾರ ಗೇಣಲ್ಲಿ?"

"ನನ್ ಗೇಣಲ್ಲೇ."

"ಅಂಗಾದ್ರೆ ನಂಗೆ ದೊಡ್ಡದೇ ಆಯ್ತು ಬುಡಿ," ಎಂದಳು ಗುರುಶಾಂತಮ್ಮ.