ಒಳಗಿನ ಸೈರನ್

ಮಂಗಳವಾರ ಮಧ್ಯಾಹ್ನ ಹನ್ನೆರಡೂವರೆಗೆ ದೂರು ಠಾಣೆಗೆ ಬಂತು. ತಂದವನು ಬೆಂಕಿ ನಂದಿಸುವ ಗ್ಯಾಸ್ ವ್ಯವಸ್ಥೆಯನ್ನು ಕೂರಿಸಿಕೊಡುವ ಕಂಪನಿಯ ಮಾಲೀಕ. ಮುದ್ರಣ ಕಾರ್ಖಾನೆಯೊಂದರ ಜನರೇಟರ್ ಕೋಣೆಯಲ್ಲಿ ಅವನ ಸೂಪರ್‌ವೈಸರ್ ಒಳಗಿದ್ದಾಗಲೇ ಆ ಉಸಿರುಗಟ್ಟಿಸುವ ಗ್ಯಾಸ್ ನುಗ್ಗಿತ್ತು. ಆಮ್ಲಜನಕದ ಮುಖವಾಡ ತೊಟ್ಟ ಕಾವಲುಗಾರರು ಹೊರಗೆ ಎಳೆದು ಹಾಕಿದ್ದರಿಂದ ಜೀವ ಉಳಿದಿತ್ತು.

"ಸೈರನ್ ಕೂಗಿ ಅರ್ಧ ನಿಮಿಷ ಆದ್ಮೇಲೇ ಗ್ಯಾಸ್ ಬಿಡೋದು ಮೇಡಂ. ಅಷ್ಟರೊಳಗೆ ಹೊರಗೆ ಬರ್ಬೇಕು. ಇವ್ನು ಬರ್ಲಿಲ್ಲ."

"ಯಾಕೆ?" ಇನ್ಸ್‌ಪೆಕ್ಟರ್ ಕೇಳಿದಳು.

"ಕಿವಿಗೆ ಹಾಡು ಸಿಕ್ಕಿಸ್ಕೊಂಡಿದ್ದ ಅಂತ ಕಾಣುತ್ತೆ. ಎರಡು ವರ್ಷದ ಹಿಂದೆ ಒಬ್ಬ ಹೀಗೇ ಮಾಡ್ಕೊಂಡು ಸತ್ತ."

"ನೀವು ಕಣ್ಣಾರೆ ನೋಡಿದ್ರಾ?"

"ಇಲ್ಲ. ಆದ್ರೆ ಹೊರಗಿದ್ದ ಅಷ್ಟೂ ಜನಕ್ಕೆ ಕೇಳಿಸಿದ್ದು ಇವನೊಬ್ಬನಿಗೆ ಕೇಳಿಸ್ಲಿಲ್ಲ ಅಂದ್ರೆ?"

ಅಜಾಗರೂಕತೆ ಎಂದು ಎಫ್‌ಐಆರ್ ದಾಖಲಾಯಿತು.

ಆಸ್ಪತ್ರೆಯಲ್ಲಿ ಸೂಪರ್‌ವೈಸರ್‌ನ ದನಿ ಒಡೆದುಹೋಗಿತ್ತು. ಒಂದೇ ಮಾತು ಹೇಳುತ್ತಿದ್ದ. "ಸೈರನ್ ಕೂಗ್ಲೇ ಇಲ್ಲ. ನನ್ನ ಮಕ್ಕಳಾಣೆ."

"ಗಾಬರೀಲಿ ಹಾಗನ್ನಿಸಿರುತ್ತೆ, ಸುಮ್ನೆ ಮಲಗಿ" ಎಂದು ಅವನ ಹೆಂಡತಿ ಹೊದಿಕೆ ಸರಿಪಡಿಸಿದಳು.

ನಿವೃತ್ತಿಯ ಅಂಚಿನಲ್ಲಿದ್ದ ಹೆಡ್ ಕಾನ್‌ಸ್ಟೇಬಲ್ ಹೊರಗೆ ಬಂದು ನಕ್ಕ. "ಕಟ್ಕೊಂಡ ಹೆಂಡ್ತಿನೇ ನಂಬ್ತಿಲ್ಲ ಮೇಡಂ. ನಮಗ್ಯಾಕೆ ಇಲ್ಲದ ಉಸಾಬರಿ?"

ಇನ್ಸ್‌ಪೆಕ್ಟರ್ ನಗಲಿಲ್ಲ. ಸುಳ್ಳು ಹೇಳುವವರು ಒಂದಕ್ಕೆ ನಾಲ್ಕು ಕಾರಣ ಪೋಣಿಸುವುದನ್ನು ಅವಳು ಠಾಣೆಯಲ್ಲೂ ನೋಡಿದ್ದಳು, ಮನೆಯಲ್ಲೂ ನೋಡಿದ್ದಳು. ಇವನ ಹತ್ತಿರ ಒಂದು ಕಾರಣವೂ ಇರಲಿಲ್ಲ.

ಬುಧವಾರ ಬೆಳಿಗ್ಗೆ ಜನರೇಟರ್ ಕೋಣೆಯ ಪಂಚನಾಮೆ ನಡೆಯಿತು. ಅಗ್ನಿಶಾಮಕ ಇಲಾಖೆಯ ಎಲೆಕ್ಟ್ರಿಷಿಯನ್ ಕೆಂಪು ಪ್ಯಾನೆಲ್‌ನ ಬಾಗಿಲು ತೆಗೆದ. ದೀಪ ಹಸಿರಾಗಿತ್ತು, ಎಲ್ಲ ಸರಿಯಿದೆ ಎಂದು.

"ಈ ವೈರುಗಳಲ್ಲಿ ಸದಾ ಒಂಚೂರು ಕರೆಂಟ್ ಹರೀತಿರುತ್ತೆ ಮೇಡಂ. ಲೈನಿನ ಕೊನೇಲಿ ಒಂದು ಪುಟ್ಟ ರೆಸಿಸ್ಟರ್ ಇರುತ್ತೆ. ಕರೆಂಟ್ ಅದನ್ನ ದಾಟಿ ವಾಪಸ್ ಬಂದ್ರೆ ದಾರಿ ನೆಟ್ಟಗಿದೆ ಅಂತ. ಎಲ್ಲಾದ್ರೂ ವೈರ್ ಕಡಿದ್ರೆ ಹಳದಿ ದೀಪ."

ಅಂಗಳದಲ್ಲಿ ಆಡುವ ಮಗುವನ್ನು ತಾಯಿ ಅಡುಗೆಮನೆಯಿಂದಲೇ ಆಗಾಗ ಕೂಗಿ ಮಾತನಾಡಿಸಿದ ಹಾಗೆ ಎಂದುಕೊಂಡಳು ಇನ್ಸ್‌ಪೆಕ್ಟರ್.

ಗ್ಯಾಸ್ ಬಿಡುವ ಲೈನು ಸರಿಯಾಗಿತ್ತು. ಅದರ ರೆಸಿಸ್ಟರ್ ಸಿಲಿಂಡರಿನ ವಾಲ್ವಿನ ಬಳಿಯೇ ಇತ್ತು. ಸೈರನ್ ಲೈನು ಹೊರಗಿನ ಸೈರನ್ ಮುಟ್ಟಿ, ಅಲ್ಲಿಂದ ಒಳಗಿನ ಸೈರನ್‌ಗೆ ಹೋಗಿ ಮುಗಿಯಬೇಕು. ಎಲೆಕ್ಟ್ರಿಷಿಯನ್ ಏಣಿ ಹತ್ತಿದವನು ಅಲ್ಲೇ ನಿಂತುಬಿಟ್ಟ. ಕೊನೆಯಲ್ಲಿರಬೇಕಾದ ರೆಸಿಸ್ಟರ್ ಹೊರಗಿನ ಸೈರನ್‌ನಲ್ಲೇ ಇತ್ತು. ಒಳಗಿನದಕ್ಕೆ ಹೋಗುವ ವೈರು ಬಿಚ್ಚಿತ್ತು. ಮಗುವಿನ ಬದಲು ಬೇರೆ ಯಾರೋ ಓಗೊಟ್ಟಿದ್ದರು. ಪ್ಯಾನೆಲ್ ನಂಬಿ ಹಸಿರು ತೋರಿಸುತ್ತಿತ್ತು.

"ಅಂದ್ರೆ ಆ ಮನುಷ್ಯ ಹೇಳಿದ್ದು ನಿಜ. ಒಳಗೆ ಜನರೇಟರ್ ಸದ್ದು, ದಪ್ಪ ಬಾಗಿಲು. ಹೊರಗಿನ ಕೂಗು ಎಲ್ಲಿ ಕೇಳುತ್ತೆ?" ಎಂದ ಎಲೆಕ್ಟ್ರಿಷಿಯನ್.

"ಗ್ಯಾಸ್ ತಾನಾಗೇ ಬಂತಾ?"

"ಇಲ್ಲ. ಹೊರಗೆ ಬಾಗಿಲ ಪಕ್ಕ ಇರೋ, ಗ್ಯಾಸ್ ಬಿಡೋ ಹ್ಯಾಂಡಲ್ ಯಾರೋ ಎಳೆದಿದ್ದಾರೆ."

ಬಿಚ್ಚಿದ ವೈರಿನ ತುದಿಗೆ ಸಣ್ಣ ಕಪ್ಪು ರಬ್ಬರ್ ಕೊಳವೆ ತೊಡಿಸಿ, ಬಿಸಿಗಾಳಿ ಕೊಟ್ಟು ಬಿಗಿ ಮಾಡಲಾಗಿತ್ತು. "ಸೈಟಿನವರು ಟೇಪು ಸುತ್ತಿ ಕೈ ತೊಳ್ಕೊತಾರೆ. ಇದು ವರ್ಕ್‌ಶಾಪಲ್ಲಿ ಬೆಂಚಿನ ಮೇಲೆ ಪ್ಯಾನೆಲ್ ಕಟ್ಟೋರ ಕೈ" ಎಂದ ಎಲೆಕ್ಟ್ರಿಷಿಯನ್.

ಜೀಪಿನಲ್ಲಿ ಇನ್ಸ್‌ಪೆಕ್ಟರ್ ಕತ್ತರಿಸಿಕೊಂಡ ವೈರಿನ ತುದಿಯನ್ನು ಕವರಿಗೆ ಹಾಕಿದಳು. ಆಮೇಲೆ, "ಹೊರಗಿನ ಸೈರನ್ ಯಾಕೆ ಉಳಿಸಿದ್ರು?" ಎಂದಳು. "ಎಲ್ಲರಿಗೂ ಕೇಳಿಸ್ಲಿ ಅಂತ. ಅವನ ಮಾತು ಯಾರೂ ನಂಬಬಾರ್ದು ಅಂತ. ಎರಡು ವರ್ಷದ ಹಿಂದೆ ಸತ್ತವನು ಯಾರು?"

ಹೆಡ್ ಕಾನ್‌ಸ್ಟೇಬಲ್‌ನ ನಗು ಇಳಿಯಿತು. "ಇದೇ ಕಂಪನಿ ವೈರ್‌ಮನ್. ಸೈಟಲ್ಲಿ ಇದ್ದಿದ್ದು ಅವ್ನು, ಈ ಸೂಪರ್‌ವೈಸರ್, ಇಬ್ಬರೇ. ಸೈರನ್ ಕೂಗ್ತು, ಹುಡುಗನ ಕಿವೀಲಿ ಇಯರ್‌ಫೋನ್ ಇತ್ತು ಅಂತ ಇವ್ನೇ ಹೇಳಿದ್ದು."

"ಇತ್ತಾ?"

"ಹೆಣದ ಜೇಬು ನಾನೇ ತೆಗೆಸಿದ್ದು. ಬಾಚಣಿಗೆ, ಟೆಸ್ಟರ್, ಬಸ್ ಪಾಸು. ಇಯರ್‌ಫೋನ್ ಇರ್ಲಿಲ್ಲ."

"ಆಗ್ಯಾಕೆ ಹೇಳ್ಲಿಲ್ಲ?"

"ಯಾರೂ ಕೇಳ್ಲಿಲ್ಲ ಮೇಡಂ."

ಗುರುವಾರ ಅವರು ಕಂಪನಿಯ ಕೆಲಸದ ಕೋಣೆಗೆ ಹೋದರು. ಬೆಂಚಿನ ಮುಂದೆ ಒಬ್ಬಳೇ ಹೆಂಗಸು. ಎಲ್ಲರೂ ಅವಳನ್ನು ಅಕ್ಕ ಎನ್ನುತ್ತಿದ್ದರು. ಸತ್ತ ವೈರ್‌ಮನ್‌ನ ಒಡಹುಟ್ಟಿದ ಅಕ್ಕ, ಎತ್ತಿ ಆಡಿಸಿ ಸಾಕಿದವಳು. ಮಂಗಳವಾರ ಬೆಳಿಗ್ಗೆ ಪ್ಯಾನೆಲ್‌ನ ಸರ್ಕ್ಯೂಟ್ ಕಾರ್ಡ್ ಬದಲಾಯಿಸಲು ಕಾರ್ಖಾನೆಗೆ ಹೋಗಿದ್ದವಳೂ ಅವಳೇ.

ಇನ್ಸ್‌ಪೆಕ್ಟರ್ ಕತ್ತರಿಸಿ ತಂದ ವೈರಿನ ತುದಿಯನ್ನು ಬೆಂಚಿನ ಮೇಲಿಟ್ಟಳು. "ಇದು ಯಾರ ಕೈಕೆಲಸ?"

ಅಕ್ಕ ಅದನ್ನು ಬೆರಳಲ್ಲಿ ಹೊರಳಿಸಿದಳು. "ಟೇಪು ಸುತ್ತಿದ್ರೆ ನೀವು ಇಲ್ಲಿವರೆಗೆ ಬರ್ತಿರ್ಲಿಲ್ಲ ಅಲ್ವಾ?"

"ಬರ್ತಿರ್ಲಿಲ್ಲ."

"ಹ್ಯಾಂಡಲ್ ಎಳೆಯೋಕೆ ಕೈ ಬಂತು, ತುದಿ ಬೆತ್ತಲೆ ಬಿಡೋಕೆ ಬರ್ಲಿಲ್ಲ. ಹಾಳು ಕೈ."

"ತಮ್ಮನ ವಿಷಯ ನಿಮಗೆ ಯಾವಾಗ ಗೊತ್ತಾಯ್ತು?"

"ಮೊನ್ನೆ ಮೊನ್ನೆ. ಒಂದು ಪ್ಯಾನೆಲಲ್ಲಿ ಹಳದಿ ದೀಪ ಹೋಗ್ಲೇ ಇಲ್ಲ. 'ರೆಸಿಸ್ಟರ್ ತಂದು ಇಲ್ಲೇ ಸಿಕ್ಸು, ದೀಪ ಹಸಿರಾಗುತ್ತೆ, ನಿನ್ನ ತಮ್ಮನ ಸೈಟಲ್ಲೂ ಹಾಗೇ ಮಾಡಿದ್ದೆ' ಅಂದ ಆ ಸೂಪರ್‌ವೈಸರ್. ಅಂದವನು ನನ್ನ ಮುಖ ನೋಡಿ ನಾಲಿಗೆ ಕಚ್ಕೊಂಡ." ಅವಳ ದನಿ ಏರಲಿಲ್ಲ. "ಎರಡು ವರ್ಷ ನಾನೂ ನನ್ನ ತಮ್ಮನ್ನೇ ಬೈದೆ ಮೇಡಂ. ಯಾಕೋ ಕಿವೀಲಿ ಅದನ್ನ ಇಟ್ಕೊಂಡೆ ಅಂತ, ಫೋಟೋ ಮುಂದೆ ನಿಂತು."

ಸಂಜೆ ನಾಲ್ಕಕ್ಕೆ ದಸ್ತಗಿರಿ ಆಯಿತು. ಜೀಪು ಹತ್ತುವ ಮುನ್ನ ಅಕ್ಕ ತಿರುಗಿ ನಿಂತಳು.

"ಅವನ ಮಾತು ಯಾರಾದ್ರೂ ನಂಬಿದ್ರಾ?"

"ಹೆಂಡ್ತಿನೂ ನಂಬ್ಲಿಲ್ಲ."

ಅಕ್ಕನ ಮುಖದಲ್ಲಿ ಮೊದಲ ಸಲ ಹೊಟ್ಟೆ ತಣ್ಣಗಾದ ಕಳೆ ಮೂಡಿತು. "ನೀವು?"

"ನಾನು ನಂಬಿದೆ."

"ನನ್ನ ತಮ್ಮನ ಸರದೀಲಿ ನೀವಿರ್ಲಿಲ್ಲ" ಎಂದು ಅವಳು ಹತ್ತಿ ಕುಳಿತಳು.

ಎಫ್‌ಐಆರ್‌ನ ಕಲಂ ಕೊಲೆ ಯತ್ನಕ್ಕೆ ಬದಲಾಯಿತು. ಹಳೆಯ ಪ್ರಕರಣವನ್ನು ಮತ್ತೆ ತೆರೆಯಲು ಕೋರಿ ಇನ್ಸ್‌ಪೆಕ್ಟರ್ ಅಂದೇ ಬರೆದಳು. ಮೊದಲ ಸಾಕ್ಷಿಯಾಗಿ ಹೆಡ್ ಕಾನ್‌ಸ್ಟೇಬಲ್ ತಾನೇ ಮುಂದೆ ಬಂದು ಸಹಿ ಹಾಕಿದ. ಅಪರಾಧಕ್ಕೆ ಕಾರಣ ಎಂಬಲ್ಲಿ ಠಾಣೆಯ ರೈಟರ್ ರೂಢಿಯಂತೆ 'ಹಳೆಯ ದ್ವೇಷ' ಎಂದು ಬರೆದಿದ್ದ. ಅವಳು ಅದನ್ನು ಹೊಡೆದುಹಾಕಿ, 'ಸತ್ತ ತಮ್ಮನ ಮೇಲೆ ಹೊರಿಸಿದ ಸುಳ್ಳು' ಎಂದು ತಿದ್ದಿದಳು.