ಹನ್ನೊಂದನೇ ನಿಮಿಷದ ನಂತರ

"ಹನ್ನೊಂದು ನಿಮಿಷ!"

ವಡಕರ ಟೌನ್ ಹಾಲಿನ ಬಾಗಿಲಲ್ಲಿ ಕೂತು ಚಿತ್ರೋತ್ಸವದ ಪಾಸ್ ಹಂಚುತ್ತಿದ್ದ ಪ್ರಜೀಶ್ ತಲೆಯೆತ್ತಿದ. ಹೆಗಲಲ್ಲಿ ಚೀಲ, ಕೈಯಲ್ಲಿ ಫೋನು, ಮೂಗಿನ ತುದಿಯಲ್ಲಿ ಕೋಪ... ಅವಳೇ!

"ಎಪ್ಪತ್ತೆಂಟು ನಿಮಿಷದ ನನ್ನ ಸಿನಿಮಾದಲ್ಲಿ ನೀವು ನೋಡಿದ್ದು ಬರೀ ಹನ್ನೊಂದು ನಿಮಿಷ. ಯಾರು ಎಲ್ಲಿ ತನಕ ನೋಡಿದ್ರು ಅಂತ ನಾನು ಸಮಿತಿಗೆ ಕಳಿಸಿದ ಲಿಂಕು ಎಲ್ಲಾ ಹೇಳುತ್ತೆ, ಪ್ರಜೀಶ್ ಸಾರ್!"

ಸಾರ್! ಮೂರು ವಾರದಿಂದ ಫೋನಿನಲ್ಲಿ ಸಲುಗೆಯಿಂದ 'ಪ್ರಜೀಶೇಟ್ಟಾ' ಎಂದು ಕರೆಯುತ್ತಿದ್ದ ದನಿ ಅದು.

ಅವಳು ಶಿಂಜಿತಾ, ತೃಶ್ಶೂರಿನವಳು. 'ಮೂರಾಳುದ್ದದ ಕಡಲು' ಅವಳ ಮೊದಲ ಸಾಕ್ಷ್ಯಚಿತ್ರ. ಇದೇ ತೀರದಲ್ಲಿ ಉಸಿರು ಕಟ್ಟಿ ಮುಳುಗಿ, ಬಂಡೆಗೆ ಕಚ್ಚಿಕೊಂಡ ಕಡುಕ್ಕ ಚಿಪ್ಪುಗಳನ್ನು ಕೀಳುವವರ ಬದುಕು ಅದರಲ್ಲಿತ್ತು. ಚಿತ್ರೋತ್ಸವದ ಆಯ್ಕೆ ಸಮಿತಿಯ ಮೂವರಲ್ಲಿ ಪ್ರಜೀಶ್ ಒಬ್ಬ. ಚಿತ್ರ ಆಯ್ಕೆಯಾದ ದಿನದಿಂದ ಅವಳಿಗೆ ಫೋನ್ ಮಾಡುತ್ತಿದ್ದವನೂ ಅವನೇ. ಮೊದಲು ಪ್ರದರ್ಶನದ ಪ್ರತಿಯ ವಿಚಾರ, ಆಮೇಲೆ ಸೌಂಡಿನ ವಿಚಾರ, ಆಮೇಲೆ... 'ಊಟ ಆಯ್ತಾ?'

ಆಗಿಬಿಟ್ಟಿತ್ತು ಬಿಡಿ. ಹುಡುಗಿ ಮನಸ್ಸು ಕೊಟ್ಟಾಗಿತ್ತು.

ನಿನ್ನೆ ರೈಲಿನಲ್ಲಿ ಸುಮ್ಮನೆ ಆ ಲಿಂಕು ತೆರೆದಿದ್ದಳು. ಅವನ ಹೆಸರಿನ ಮುಂದೆ ಹನ್ನೊಂದು ಎಂಬ ಅಂಕಿ ಕಂಡಿತ್ತು. ಹಿಂದೆ ಎರಡು ಉತ್ಸವಗಳು ಅವಳ ಚಿತ್ರವನ್ನು ತೆರೆದೂ ನೋಡದೆ ವಾಪಸ್ ಕಳಿಸಿದ್ದವು. ಚೆನ್ನಾಗಿಲ್ಲ ಎಂದರೆ ಸಹಿಸಬಲ್ಲಳು. ನೋಡದೆ ತಳ್ಳುವುದನ್ನು ಸಹಿಸಲಾರಳು. ಅದೂ ಇವನು!

"ಹೌದು, ಅಷ್ಟೇ ನೋಡಿದ್ದು," ಎಂದ ಪ್ರಜೀಶ್ ಮೆಲ್ಲಗೆ.

"ಯಾಕೆ? ನಿದ್ದೆ ಬಂತಾ?"

"ಅಲ್ಲ."

"ಮತ್ತೆ?"

ಅವನು ಪಾಸುಗಳ ಕಟ್ಟನ್ನು ಸುಮ್ಮನೆ ಸರಿಮಾಡತೊಡಗಿದ. "ಹೇಳಕ್ಕಾಗಲ್ಲ, ಶಿಂಜಿತಾ."

"ಇವತ್ತು ಎರಡು ಗಂಟೆಗೆ ನನ್ನ ಸಿನಿಮಾ. ಆಮೇಲಿನ ಸಂವಾದ ನಡೆಸೋರು ನೀವಂತೆ. ನೋಡದೇ ಇರೋ ಸಿನಿಮಾ ಬಗ್ಗೆ ನನ್ನ ಏನಂತ ಕೇಳ್ತೀರಿ?"

"ಬೇರೆ ಯಾರಿಗಾದ್ರೂ ಒಪ್ಪಿಸ್ತೀನಿ."

"ಬೇಡ! ನೀವೇ ನಡೆಸ್ಬೇಕು. ನನ್ನ ಪಕ್ಕದ ಕುರ್ಚೀಲಿ ಕೂತು ಕೊನೇ ಹೆಸರು ಹೋಗೋ ತನಕ ನೋಡ್ಬೇಕು. ಇಷ್ಟ ಆಗ್ಲಿಲ್ಲಾಂದ್ರೆ ಎಲ್ಲರೆದುರು ಬೈರಿ. ಆದ್ರೆ ನೋಡಿ!"

ಹೇಳಿ ತಿರುಗಿದವಳಿಗೆ ಕಣ್ಣು ತುಂಬಿ ಬಂತು. ಥೂ, ಇವನಿಗಾಗಿ ನಾನ್ಯಾಕೆ ಅಳಬೇಕು!

ಚಹಾದ ಸ್ಟಾಲಿನಲ್ಲಿ ಬಾಲನ್ ಮಾಷ್ ಸಿಕ್ಕರು. ನಿವೃತ್ತ ಮೇಷ್ಟ್ರು, ಫಿಲಂ ಸೊಸೈಟಿಯ ಕಾರ್ಯದರ್ಶಿ. ನಲವತ್ತು ವರ್ಷದಿಂದ ಊರಿಗೆ ಸಿನಿಮಾ ತೋರಿಸುತ್ತಾ, ಊರಿನವರಿಂದ ಬೈಸಿಕೊಳ್ಳುತ್ತಾ ಬಂದವರು.

"ಏನು ಮಗಳೇ, ಬಂದ ತಕ್ಷಣ ನಮ್ಮ ಹುಡುಗನ ಗ್ರಹಚಾರ ಬಿಡಿಸಿದ್ಯಂತೆ? ಗೇಟಿನವರೆಗೂ ಕೇಳಿಸ್ತು."

"ನನ್ನ ಚಿತ್ರಕ್ಕೆ ಅವ್ರು ಎಷ್ಟು ಅಂಕ ಕೊಟ್ರು ಮಾಷೇ? ಸೊನ್ನೆ ತಾನೇ?"

"ಕೊಡಲೇ ಇಲ್ಲ. 'ಈ ಚಿತ್ರಕ್ಕೆ ನಾನು ತೀರ್ಪು ಕೊಡಲಾರೆ' ಅಂತ ಬರೆದ. ಅಂಕ ಕೊಟ್ಟಿದ್ದು ನಾವಿಬ್ರು." ಮಾಷ್ ಚಹಾ ಗುಟುಕರಿಸಿದರು. "ಆದ್ರೆ ನಿನ್ನ ಪೋಸ್ಟರ್ ಹೊತ್ಕೊಂಡು ಚೋಂಬಾಲ ಹಾರ್ಬರಿನ ತನಕ ಗೋಡೆ ಗೋಡೆಗೆ ಅಂಟಿಸಿದವನು ಅವನೇ."

"ಇದ್ಯಾವ ಸೀಮೆ ನ್ಯಾಯ ಮಾಷೇ?"

"ಕಾರಣ ಅವನೇ ಹೇಳ್ಬೇಕು. ಪೂರ್ತಿ ನೋಡೋ ಅಂತ ನಾನೂ ಬೇಡ್ಕೊಂಡೆ. ಕೇಳ್ಲಿಲ್ಲ. ಈ ವರ್ಷ ಮುಗಿದ ಮೇಲೆ ಸೊಸೈಟಿನೇ ಬಿಡ್ತಾನಂತೆ." ಮಾಷ್ ಅವಳ ಮುಖವನ್ನೇ ನೋಡಿದರು. "ನೀನಾದ್ರೂ ಅವನ್ನ ಕೂರಿಸು."

ಕೂರಿಸುತ್ತೇನೆ. ಏನಾದರೂ ಆಗಲಿ, ಕೂರಿಸಿಯೇ ತೀರುತ್ತೇನೆ!

ಎರಡು ಗಂಟೆಗೆ ಹಾಲ್ ತುಂಬಿತ್ತು. ಹಾರ್ಬರಿನ ಕಡೆಯಿಂದ ಬಂದವರು ಮೆಟ್ಟಿಲ ಮೇಲೂ ಕೂತಿದ್ದರು. ಪ್ರಜೀಶ್ ಬಂದ, ಅವಳ ಪಕ್ಕದಲ್ಲೇ ಕೂತ. ದೀಪ ಆರಿತು. ಅವಳು ತೆರೆಯನ್ನು ನೋಡಲಿಲ್ಲ, ಅವನನ್ನೇ ನೋಡಿದಳು.

ಎಂಟನೇ ನಿಮಿಷ... ಒಂಬತ್ತು... ಹತ್ತು.

ತೆರೆಯ ಮೇಲೆ ನೀರು ಸೀಳಿಕೊಂಡು ಒಬ್ಬ ಮೇಲೆದ್ದ. ಬಾಯ್ತುಂಬ ಗಾಳಿ ಎಳೆದುಕೊಂಡು ಕ್ಯಾಮೆರಾದತ್ತ ನೋಡಿ ನಕ್ಕ. "ಏನಮ್ಮಾ, ಸತ್ತೋದ ಅಂದ್ಕೊಂಡ್ಯಾ?"

ಹಾಲಿನಲ್ಲಿ ಯಾರೋ ಬಿಕ್ಕಿದರು. ಪ್ರಜೀಶ್ ದಡಕ್ಕನೆ ಎದ್ದ. ಅವಳು ಅವನ ಮುಂಗೈ ಹಿಡಿದಳು.

"ಕೂತ್ಕೊಳ್ಳಿ!"

"ಬಿಡಿ, ಶಿಂಜಿತಾ..."

"ಬಿಡಲ್ಲ! ಏನಿದೆ ಅಂತ ಇಲ್ಲಿಂದ ಓಡ್ತೀರಿ?"

ತೆರೆಯ ಬೆಳಕಿನಲ್ಲಿ ಅವನ ಮುಖ ಕಂಡಿತು. ಕೆನ್ನೆಯ ಮೇಲೆ ನೀರಿಳಿಯುತ್ತಿತ್ತು.

"ಅವನು ನನ್ನ ಅಣ್ಣ," ಎಂದ. "ಹೋದ ವರ್ಷ ಉತ್ಸವದ ಎರಡನೇ ದಿನ ಮುಳುಗಿದವನು ಮೇಲೆ ಬರಲಿಲ್ಲ. ನಾನು ಇಲ್ಲಿ ಪಾಸ್ ಹಂಚ್ತಾ ಇದ್ದೆ."

ಅವಳು ತೆರೆಯತ್ತ ತಿರುಗಿದಳು. ಸತ್ಯನ್! ಎರಡು ಚಳಿಗಾಲದ ಹಿಂದೆ ಒಂದು ತಿಂಗಳು ಚಿತ್ರೀಕರಿಸುವಾಗ ದಿನಾ ಕಾಡಿಸಿ ನಗಿಸಿದ ಸತ್ಯನ್! ಪ್ರದರ್ಶನಕ್ಕೆ ಕರೆಯಲು ಎರಡು ಸಲ ಫೋನ್ ಮಾಡಿದ್ದಳು. ಸ್ವಿಚ್ ಆಫ್ ಬಂದಾಗ ನಂಬರು ಬದಲಾಗಿರಬೇಕು ಅಂದುಕೊಂಡಿದ್ದಳು.

ದೇವರೇ... ನಾನೇನು ಮಾಡಿಬಿಟ್ಟೆ!

ಆದರೆ ಮುಂದೆ ಏನಿದೆ ಎಂಬುದು ಆ ಕ್ಷಣದಲ್ಲೇ ಅವಳಿಗೆ ನೆನಪಾಯಿತು. ಸತ್ಯನ್ ತನ್ನ ತಮ್ಮನೆಂದು ಹೇಳುತ್ತಿದ್ದ 'ಕುಟ್ಟ' ಯಾರೆಂದು ಈಗ ಗೊತ್ತಾಯಿತು. ಹಿಡಿತ ಸಡಿಲಿಸಬಹುದಿತ್ತು. ಸಡಿಲಿಸಲಿಲ್ಲ.

"ಕ್ಷಮಿಸಿ... ನಂಗೆ ಗೊತ್ತಿರ್ಲಿಲ್ಲ. ಆದ್ರೂ ಹೋಗ್ಬೇಡಿ. ನಿಮ್ಮಣ್ಣ ಇನ್ನೊಂದು ಸಲ ಬರ್ತಾರೆ. ನಿಮ್ಮ ಹತ್ರಾನೇ ಮಾತಾಡ್ತಾರೆ. ನನ್ನ ನಂಬಿ!"

ಪ್ರಜೀಶ್ ಕೂತ. ಅವಳ ಬೆರಳುಗಳನ್ನು ನೋಯುವಷ್ಟು ಬಿಗಿಯಾಗಿ ಹಿಡಿದು ಕೂತ.

ಒಂದು ಗಂಟೆ ಕಳೆದ ಮೇಲೆ ಸತ್ಯನ್ ಮತ್ತೆ ಬಂದ. ದಡದಲ್ಲಿ ಕೂತು ಚೂರಿಯಿಂದ ಚಿಪ್ಪು ಕೆರೆಯುತ್ತಿದ್ದ.

"ನನ್ನ ತಮ್ಮ ಇದಾನೆ, ಕುಟ್ಟ. ಸಿನಿಮಾ ಹುಚ್ಚ. ನಾನು ನೀರಿಗಿಳಿದ್ರೆ ಸಾಕು, ಕೆಲಸ ಬಿಟ್ಟು ದಡದಲ್ಲಿ ಕಾಯ್ತಾ ಕೂರ್ತಾನೆ. ಬೈದು ಓಡಿಸ್ತೀನಿ. ಹೋಗೋ, ನಿನ್ನ ಸಿನಿಮಾ ಹತ್ರ ಹೋಗು! ಕಡಲಲ್ಲಿ ಏನಾದ್ರೂ ಆಗೋದಿದ್ರೆ ನೀನು ಕೂತಿದ್ರೂ ಆಗುತ್ತೆ ಕಣೋ. ನಾಳೆ ನಾನೇ ಇಲ್ದಿದ್ರೂ ಅವನು ಅಲ್ಲೇ ಇರ್ಬೇಕು. ಅದು ಅವನ ಜಾಗ."

ಪ್ರಜೀಶ್ ಮುಖ ಮುಚ್ಚಿಕೊಂಡು ಮಗುವಿನ ಹಾಗೆ ಅತ್ತ. ಶಿಂಜಿತಾ ಅವನ ಬೆನ್ನ ಮೇಲೆ ಕೈಯಿಟ್ಟು ಕೂತಳು. ನೂರು ಜನ ನೋಡುತ್ತಿದ್ದರೆ ನೋಡಲಿ!

ಸಂವಾದಕ್ಕೆ ಅವನು ಮೈಕು ಹಿಡಿದು ನಿಂತ.

"ಈ ಚಿತ್ರವನ್ನ ನಾನು ಅರ್ಧಕ್ಕೇ ಬಿಟ್ಟಿದ್ದೆ. ಇವತ್ತು ನಿರ್ದೇಶಕಿ ಕೈ ಹಿಡಿದು ಕೂರಿಸಿದ್ರು. ನಂಗೆ ಕೇಳೋ ಪ್ರಶ್ನೆ ಯಾವುದೂ ಇಲ್ಲ. ಮುಂದಿನ ವರ್ಷಾನೂ ನಾನು ಇಲ್ಲೇ ಇರ್ತೀನಿ... ಅಷ್ಟೇ ಹೇಳ್ಬೇಕಿತ್ತು."

ಹಿಂದಿನ ಸಾಲಿನಲ್ಲಿ ಬಾಲನ್ ಮಾಷ್ ಕನ್ನಡಕ ತೆಗೆದು ಒರೆಸಿಕೊಂಡರು.

ಮರುದಿನ ಸಂಜೆ ಪ್ರಶಸ್ತಿ ಪ್ರದಾನ ನಡೆಯಿತು. ಅತ್ಯುತ್ತಮ ಚಿತ್ರ ವಯನಾಡಿನ ಹುಡುಗನೊಬ್ಬನ ಪಾಲಾಯಿತು. ಪ್ರೇಕ್ಷಕರ ಪ್ರಶಸ್ತಿಯೂ ಕೈತಪ್ಪಿತು. ಜನ ಚದುರಿದ ಮೇಲೆ ಪ್ರಜೀಶ್ ಅವಳ ಬಳಿ ಬಂದ.

"ಬೇಜಾರಾಯ್ತಾ?"

"ಆಯ್ತು. ಸುಳ್ಳು ಯಾಕೆ ಹೇಳ್ಲಿ? ತುಂಬಾ ಬೇಜಾರಾಯ್ತು. ಇನ್ನೊಂದು ಸಿನಿಮಾ ಮಾಡ್ತೀನಿ."

"ಮಾಡ್ತೀಯ. ನಂಗೊತ್ತು." ಮೊದಲ ಸಲ ಅವಳನ್ನು 'ನೀನು' ಎಂದು ಮಾತಾಡಿಸಿದ್ದ. "ಶಿಂಜಿತಾ... ಫೋನಲ್ಲಿ ಅಣ್ಣನ ವಿಷಯ ಹೇಳೋಣ ಅಂತ ಎಷ್ಟು ಸಲ ಬಾಯಿ ತೆರೆದೆ ಗೊತ್ತಾ? ನಿನ್ನ ಖುಷಿ ಕೇಳಿದ್ರೆ ಮಾತು ಹೊರಡ್ತಿರ್ಲಿಲ್ಲ. ಪ್ರೀತಿ ಮಾಡ್ತೀನಿ ಅನ್ನೋಕೂ ಹಾಗೇ ಆಯ್ತು."

ಅವಳು ಒಂದು ಹೆಜ್ಜೆ ಹತ್ತಿರ ಬಂದಳು.

"ಈಗ ಹೇಳಿದ್ರಲ್ಲ, ಪ್ರಜೀಶೇಟ್ಟಾ," ಎಂದಳು. "ನಂಗೂ ಅಷ್ಟೇ. ಅದಕ್ಕೇ ಅಷ್ಟು ಸಿಟ್ಟು ಬಂದಿದ್ದು."

ಅವನು ನಕ್ಕ, ಆಮೇಲೆ ಗಂಭೀರನಾದ. "ಅಮ್ಮಂಗೆ ಸಿನಿಮಾ ತೋರಿಸ್ಬೇಕು. ಭಾನುವಾರ ಮನೆಗೆ ಬರ್ತೀಯಾ?"

"ಯಾರು ಬರ್ತಾರೆ ಅಂತ ಹೇಳಿದೀರಿ?"

"ಡೈರೆಕ್ಟರ್ ಬರ್ತಾರೆ ಅಂದೆ."

"ಅಷ್ಟೇನಾ?"

"ಅಮ್ಮ ಕೇಳಿದ್ರು... ಡೈರೆಕ್ಟರ್‌ಗೆ ಮೀನು, ಅನ್ನ ಮಾಡಿದ್ರೆ ಸಾಕಾ, ಶುಭ ಸುದ್ದಿಗೆ ಪಾಯಸಾನೂ ಮಾಡ್ಬೇಕಾ ಅಂತ."

"ನೀವೇನಂದ್ರಿ?"

"ಅವಳನ್ನ ಕೇಳಿ ಹೇಳ್ತೀನಿ ಅಂದೆ."

ಶಿಂಜಿತಾ ಅವನ ಜೇಬಿನಿಂದ ಫೋನು ತೆಗೆದು ಅವನ ಕೈಗೇ ಕೊಟ್ಟಳು.

"ಪಾಯಸ ಮಾಡೋಕೆ ಹೇಳಿ."