ಅಮ್ಮನ ಮೆಲುದನಿ

"ನಾನು ಮಗಳ ಮನೆಗೆ ಹೊರಟೆ ಕಣೋ!"

ಬಟ್ಟೆಯ ಚೀಲ ಹಿಡಿದು ತಾಯಿ ಬಾಗಿಲಲ್ಲಿ ನಿಂತಿದ್ದರು. ಮಗ ಅತ್ತ ಬೆನ್ನು ಹಾಕಿ, ಕಿಟಕಿಯ ಬಳಿ ಕೂತು ನೋಯುವ ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದ. ತಿರುಗಿಯೂ ನೋಡಲಿಲ್ಲ. ತಾಯಿ ಪಕ್ಕದಲ್ಲಿದ್ದ ಸೊಸೆಯ ಕಡೆ ಹೊರಳಿದರು.

"ನೋಡಿದ್ಯಾ? ಹೆತ್ತವಳು ಹೋಗ್ತೀನಿ ಅಂದ್ರೂ ಬೇಡ ಅನ್ನಲ್ಲ! ನೀನು ಹೆಗಲು ಮುಟ್ಟಿದ್ರೆ ಸಾಕು, ಎದ್ದು ಬರ್ತಾನೆ. ಅದೇನು ಮಂಕುಬೂದಿ ಎರಚಿದ್ದೀಯೇ ನನ್ನ ಮಗನಿಗೆ..."

ಇಂಥ ಮಾತುಗಳನ್ನು ಸೊಸೆ ಎರಡು ವರ್ಷದಿಂದ ನುಂಗಿಕೊಂಡಿದ್ದಳು. ಈ ಸಲ ಆಗಲಿಲ್ಲ.

"ಅವರಿಗೆ ಕೇಳಿಸಲ್ಲ ಅತ್ತೆ!"

"ಏನಂದೆ?"

"ಕಿವಿ ಕೇಳಿಸಲ್ಲ... ಹದಿನೆಂಟು ವರ್ಷ ವಿಮಾನದ ಇಂಜಿನ್ ಪಕ್ಕ ನಿಂತವರು. ಕಿವಿ ಮುಚ್ಚಿಕೊಂಡ್ರೂ ಆ ಸದ್ದು ಎದೆಗೂಡನ್ನೇ ನಡುಗಿಸುತ್ತಂತೆ. ನಿಮ್ಮದು ಸಣ್ಣ ದನಿ. ಎದುರಿಗಿದ್ರೆ ತುಟಿ ನೋಡಿ ತಿಳ್ಕೋತಾರೆ, ಹಿಂದಿನಿಂದ ಕರೆದ್ರೆ..."

"ನನಗ್ಯಾಕೆ ಹೇಳಲಿಲ್ಲ?"

"ಹೇಳಬೇಡ ಅಂತ ಮಾತು ತಗೊಂಡಿದ್ರು. ಈ ಕೆಲಸಕ್ಕೆ ಸೇರು ಅಂತ ಹಟ ಹಿಡಿದವರು ನೀವಂತೆ. ಗೊತ್ತಾದ್ರೆ ಅಮ್ಮ ಕೊರಗಿ ಸೊರಗಿಹೋಗ್ತಾಳೆ ಅಂತ..."

ಚೀಲ ಕೈಜಾರಿತು. ಹೌದು, ಹಟ ಹಿಡಿದವರು ಅವರೇ! ಮಗ ವಿಮಾನ ರಿಪೇರಿ ಮಾಡುತ್ತಾನೆಂದು ಬೀದಿಯಲ್ಲೆಲ್ಲ ಹೇಳಿಕೊಂಡು ತಿರುಗಿದವರೂ ಅವರೇ. ಆದರೆ ಆ ಮಗ ಚಕ್ರದ ಗೂಡಿನೊಳಗೆ ಮೈ ಮಡಚಿಕೊಂಡು ದುಡಿದದ್ದು, ಕಾದ ಬ್ರೇಕಿಗೆ ಮುಂಗೈ ಸುಟ್ಟುಕೊಂಡದ್ದು, ಒದ್ದೆ ರೆಕ್ಕೆಯ ಮೇಲಿಂದ ಜಾರಿ ಸೊಂಟದ ಪಟ್ಟಿಯೊಂದರ ಆಸರೆಯಲ್ಲಿ ನೇತಾಡಿದ್ದು... ಇದಾವುದನ್ನೂ ಅವನು ಅಮ್ಮನಿಗೆ ಹೇಳಿರಲಿಲ್ಲ. ಸೊಸೆ ಒಬ್ಬಳೇ ಎಲ್ಲ ತಿಳಿದು, ಬೈಗುಳವನ್ನೂ ತಿಂದು ಸುಮ್ಮನಿದ್ದಳು!

ತಾಯಿ ಮಗನ ಎದುರು ಹೋಗಿ ಕುಸಿದು ಕೂತರು. ಅವರ ಮುಖ ಕಂಡದ್ದೇ ಅವನಿಗೆ ಎಲ್ಲವೂ ಅರ್ಥವಾಯಿತು.

"ನಾನೇ ನಿನ್ನ ಕಿವಿ ಕಿತ್ಕೊಂಡೆನಲ್ಲೋ!"

"ಹಾಗನ್ಬೇಡಮ್ಮ. ನಾನು ನೋಡಿ ಕಳಿಸಿದ ಒಂದೊಂದು ವಿಮಾನವೂ ಜನರನ್ನ ಸುಖವಾಗಿ ಇಳಿಸಿದೆ. ನನಗೆ ಇದಕ್ಕಿಂತ ಇಷ್ಟದ ಕೆಲಸ ಇಲ್ಲ. ಮುಂದಿನ ವಾರದಿಂದ ವರ್ಕ್‌ಶಾಪಿನ ಒಳಗೇ ಹಾಕ್ತಾರೆ, ಅಲ್ಲಿ ಸದ್ದು ಕಡಿಮೆ."

ತಾಯಿ ಎದ್ದು ಸೊಸೆಯತ್ತ ಬಂದರು. ಅವಳ ಕೆನ್ನೆ ಒರೆಸುತ್ತ, "ಇಷ್ಟು ದಿನ ನನ್ನನ್ನ ಹೇಗೆ ತಡ್ಕೊಂಡ್ಯೇ..." ಎಂದು ಬಿಕ್ಕಿ ತಬ್ಬಿಕೊಂಡರು.

ಅಂದಿನಿಂದ ಆ ಮನೆಯಲ್ಲಿ ಮೆಲ್ಲಗೆ ಮಾತಾಡುವವರೇ ಇಲ್ಲ. ಪಕ್ಕದ ಮನೆಗೆ ಹೊಸದಾಗಿ ಬಂದ ಟೀಚರಮ್ಮ ಒಂದು ಮಧ್ಯಾಹ್ನ, ಅತ್ತೆ ಸೊಸೆ ಹೊಡೆದಾಡುತ್ತಿದ್ದಾರೆಂದು ಗಾಬರಿಯಾಗಿ ಜಗಳ ಬಿಡಿಸಲು ಓಡಿಬಂದರು. ಒಳಗೆ ನೋಡಿದರೆ ಊಟ ನಡೆದಿತ್ತು!

"ಇನ್ನೊಂದು ತುತ್ತು ತಿನ್ನೋ!" ಎಂದು ತಾಯಿ ಗಂಟಲು ಹರಿಯುವಂತೆ ಕೂಗುತ್ತಿದ್ದರು. ಕಿವಿಗೆ ಹೊಸ ಯಂತ್ರ ಹಾಕಿಸಿಕೊಂಡಿದ್ದ ಮಗ ಎರಡೂ ಕಿವಿ ಮುಚ್ಚಿಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದ.